ಕರಡಿಗೂ ಗೊತ್ತಿರುವ ಹೊತ್ತು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಹಂಪಿಯ ವಿಜಯವಿಠ್ಠಲ ದೇಗುಲದ ಅಂಗಳದಲ್ಲಿ ಇದು ಅಪರೂಪದ ನೋಟವಲ್ಲ: ಅಪ್ಪ ಕಲ್ಲಿನ ರಥದ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆಯುವ ಸಂಭ್ರಮದಲ್ಲಿದ್ದಾನೆ. ಮಗು ಮುಖ ಕೆಂಪಗೆ ಮಾಡಿಕೊಂಡು ಅಮ್ಮನ ಸೆರಗಿನಡಿ ಸೇರಿದೆ. ಅದರ ಪಾಲಿಗೆ ಹಂಪಿಯೆಂದರೆ ರಥವಲ್ಲ, ಕಾಲು ಸುಡುವ ಕಲ್ಲು. ಅದೇ ಹೊತ್ತಿಗೆ ಅಲ್ಲಿಂದ ಹೆಚ್ಚು ದೂರವಿಲ್ಲದ ದರೋಜಿಯ ಗುಡ್ಡಗಳಲ್ಲಿ ತಾಯಿಕರಡಿ ತನ್ನ ಮರಿಗಳೊಡನೆ ಬಂಡೆಗಳ ಸಂದಿನ ತಂಪಿನಲ್ಲಿ ಮಲಗಿರುತ್ತದೆ. ಬಿಸಿಲ ನಾಡಿನಲ್ಲಿ ಮಕ್ಕಳೊಡನೆ ಯಾವ ಹೊತ್ತಿಗೆ ಹೊರಡಬೇಕೆಂಬುದು ಅದಕ್ಕೆ ಗೊತ್ತು. ಒಂದು ಕಾಲಕ್ಕೆ ಈ ಸೀಮೆಯ ಜನರಿಗೂ ಚೆನ್ನಾಗಿ ಗೊತ್ತಿತ್ತು.

ಹೊಸಪೇಟೆ, ಕಂಪ್ಲಿ, ಸಂಡೂರಿನ ಈ ಸೀಮೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಇಲ್ಲಿನ ಗ್ರಾನೈಟ್ ಬಂಡೆಗಳು ಹಗಲೆಲ್ಲ ಕಾಯ್ದು, ಹೊತ್ತು ಇಳಿದ ಮೇಲೂ ಶಾಖ ಉಗುಳುತ್ತಿರುತ್ತವೆ. ಅಂಥ ನೆಲದ ಮೇಲೆ ರಾಜಧಾನಿ ಕಟ್ಟಿದ ವಿಜಯನಗರದವರು ನೀರು ಮತ್ತು ನೆರಳನ್ನು ಊರಿನೊಳಕ್ಕೇ ತಂದರು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅರಮನೆಯ ಬಳಿ ನುಣುಪಾದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಸುಮಾರು 1520ರಲ್ಲಿ ನಗರ ನೋಡಿದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್‌ನ ಕಣ್ಣಿಗೆ ಬಿದ್ದುದರಲ್ಲಿ ಮನೆಗಳ ನಡುವಿನ ತೋಪುಗಳೂ ನೀರಿನ ಕಾಲುವೆಗಳೂ ಸೇರಿದ್ದವು. ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡ ಹೊರಗಿನಿಂದ ಸಪ್ಪೆ. ಒಳಗೆ ಕೊಳದ ನಾಲ್ಕೂ ಸುತ್ತ ಕಮಾನಿನ ಮೊಗಸಾಲೆ. ನೀರಿನ ಪಕ್ಕದಲ್ಲೇ ನೆರಳು!

ಇದು ಅರಸೊತ್ತಿಗೆಯ ಮಾತಾಯಿತು. ಸಾಮಾನ್ಯರ ಮಟ್ಟಿಗೆ ಕುಟುಂಬ ಸಮೇತ ಹೊರಗೆ ಹೋಗುವುದೆಂದರೆ ಜಾತ್ರೆಗೆ ಹೋಗುವುದು. ವಿರೂಪಾಕ್ಷನ ತೇರು ಎಳೆಯುವುದು ಬಿಸಿಲು ಉರಿಯುವ ಚೈತ್ರದಲ್ಲಿ. ಆದರೆ ತೇರು ಹೊರಡುವುದು ಸಂಜೆ, ಅದೂ ಹುಣ್ಣಿಮೆಯ ಸಂಜೆ. ಬಿಸಿಲು ಇಳಿದಿರುತ್ತದೆ, ಮನೆಗೆ ಮರಳುವ ದಾರಿಗೆ ಬೆಳದಿಂಗಳಿರುತ್ತದೆ. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ, ಬಂಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದವರಿಗೆ ಇದಕ್ಕಿಂತ ಅನುಕೂಲದ ವೇಳೆ ಬೇರೆ ಇರಲಾರದು.

ದಾರಿಯ ಏರ್ಪಾಟೂ ಇತ್ತು. ದಣಿದವರಿಗೆ ನೀರು ಕೊಡುವ ಅರವಟ್ಟಿಗೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಅದನ್ನು ನಡೆಸಲು ದತ್ತಿ ಬಿಟ್ಟ ಸಂಗತಿ ಶಾಸನಗಳಲ್ಲಿಯೇ ಸಿಗುತ್ತದೆ. ಬುತ್ತಿಯಲ್ಲೂ ಬಿಸಿಲಿನ ಲೆಕ್ಕವಿತ್ತು. ಬೇಗ ಕೆಡದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಮಕ್ಕಳಿಗೆ ಮೊಸರನ್ನ ಕಲಸುವಾಗ ಮೊಸರು ಕಡಿಮೆ, ಹಾಲು ಹೆಚ್ಚು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅದು ಹುಳಿಯಾಗದೆ ಹದಕ್ಕೆ ಬಂದಿರುತ್ತಿತ್ತು.

ಈ ಕ್ರಮ ಕೆಟ್ಟದ್ದು ಪ್ರವಾಸ ಎಂಬುದು ಜಾತ್ರೆಯ ಜಾಗಕ್ಕೆ ಬಂದ ಮೇಲೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಯಿತು. 1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೆಳೆಯಿತು. ಹೊರಡುವ ಹೊತ್ತನ್ನು ಬಿಸಿಲಿನ ಬದಲು ಬಸ್ಸು, ರೈಲು ತೀರ್ಮಾನಿಸತೊಡಗಿದವು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಲಾಯಿತು. ಸ್ಮಾರಕದ ರಕ್ಷಣೆಗೆ ಕೊಟ್ಟ ಕಾರಣಗಳು ಏನೇ ಇರಲಿ, ಮಗುವಿಗೆ ಒಂದು ಲೋಟ ನೀರು ಕೇಳಬಹುದಾಗಿದ್ದ ಬಾಗಿಲುಗಳು ಆ ಬೀದಿಯಿಂದ ಇಲ್ಲವಾದವು.

ಹಳೆಯ ಹೊತ್ತನ್ನು ಇಂದಿಗೂ ಬಿಡದಿರುವುದು ದರೋಜಿ. ಹೊಸಪೇಟೆ, ಸಂಡೂರು ತಾಲ್ಲೂಕುಗಳ ಕುರುಚಲು ಕಾಡು 1994ರಲ್ಲಿ ಕರಡಿಧಾಮವಾಯಿತು. ಇಲ್ಲಿ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ಮೇಲೆಯೇ. ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿಯತೊಡಗಿದಂತೆ ಕರಡಿಗಳು ಒಂದೊಂದಾಗಿ ಹೊರಬರುತ್ತವೆ. ಕೆಲವೊಮ್ಮೆ ತಾಯಿಯ ಬೆನ್ನೇರಿ ಮರಿಯೂ ಬರುತ್ತದೆ. ನೋಡಲು ಬಂದ ಮಕ್ಕಳು ವೀಕ್ಷಣಾ ಗೋಪುರದ ನೆರಳಿನಲ್ಲಿ ಸದ್ದಿಲ್ಲದೆ ಕಾಯಬೇಕು. ಕಾಯುವುದೇ ಇಲ್ಲಿನ ಅರ್ಧ ಸೊಗಸು.

ಈ ಸೀಮೆಗೆ ಮಕ್ಕಳೊಡನೆ ಬರುವವರು ದಿನವನ್ನು ಇದೇ ಲೆಕ್ಕದಲ್ಲಿ ಹಂಚಿಕೊಳ್ಳಬಹುದು. ಸೂರ್ಯ ಹುಟ್ಟುವ ಹೊತ್ತಿಗೆ ಹಂಪಿಯಲ್ಲಿದ್ದು, ಹತ್ತು ಗಂಟೆಯೊಳಗೆ ಎರಡು ಸ್ಮಾರಕಗಳನ್ನಷ್ಟೇ ನೋಡುವುದು. ನಡುಹಗಲು ಊಟ, ನಿದ್ದೆ. ಬಿಸಿಲು ತಗ್ಗಿದ ಮೇಲೆ ದರೋಜಿ, ಇಲ್ಲವೇ ಅಣೆಕಟ್ಟೆಯ ಉದ್ಯಾನ. ಎಳೆಯ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಬೆವರುವುದೂ ಕಡಿಮೆ. ಆಟದ ಅಮಲಿನಲ್ಲಿ ಬಾಯಾರಿಕೆಯನ್ನು ಅವು ಹೇಳುವುದಿಲ್ಲ. ಆದ್ದರಿಂದ ಕೇಳುವ ಮೊದಲೇ ನೀರು, ಮಜ್ಜಿಗೆ ಕೊಡಬೇಕು. ಮಗು ಮಂಕಾದರೆ, ವಾಂತಿ ಮಾಡಿದರೆ ತಕ್ಷಣ ನೆರಳಿಗೆ ಒಯ್ದು ಮೈ ತಂಪು ಮಾಡಿ ವೈದ್ಯರ ಬಳಿ ಕರೆದೊಯ್ಯಬೇಕು. ತಂಪಿನ ಆಸೆಗೆ ತುಂಗಭದ್ರೆಗೆ ಇಳಿಸುವುದು ಮಾತ್ರ ಬೇಡ. ಅಲ್ಲಿ ಸುಳಿಗಳಿವೆ, ಮೊಸಳೆಗಳೂ ಇವೆ.

ಋತುವನ್ನೂ ಆರಿಸಿಕೊಳ್ಳಬಹುದು. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದರೆಂಬ ಮಾತು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಮಳೆಗೆ ಗುಡ್ಡಗಳು ಹಸಿರಾಗುವ ಕಾಲವದು. ವಿಜಯನಗರದ ಅರಸರ ಮಹಾನವಮಿಯ ವೈಭವವೂ ಮಳೆ ಹಿಂದಾಗುವ ಆಶ್ವಯುಜದಲ್ಲೇ ನಡೆಯುತ್ತಿತ್ತು.

ಒಂದು ದಿನದಲ್ಲಿ ಎಷ್ಟು ಸ್ಮಾರಕ ನೋಡಿದೆವೆಂಬ ಲೆಕ್ಕ ಮಕ್ಕಳಿಗೆ ಬೇಕಿಲ್ಲ. ಇಳಿಹೊತ್ತಿನಲ್ಲಿ ಬಂಡೆಯ ಮೇಲೆ ಬೆಲ್ಲ ನೆಕ್ಕುತ್ತಿದ್ದ ಕರಡಿಮರಿ ನೆನಪಿನಲ್ಲಿ ಉಳಿದರೆ, ಮತ್ತೊಮ್ಮೆ ಹೋಗೋಣವೆಂದು ಅವರೇ ಕೇಳುತ್ತಾರೆ.