ಸೋಂಕು: ಯಂತ್ರದೊಳಗಿನ ದೆವ್ವ, ಅಗಸಿಯಾಚೆಯ ಮನುಷ್ಯ

ದೆವ್ವದ ಸಿನಿಮಾಗಳ ಬಗ್ಗೆ ದಲಿತ ವಿಮರ್ಶೆ ಮಾತಾಡಬೇಕೇ ಎಂಬ ಪ್ರಶ್ನೆಯನ್ನು ಮೊದಲೇ ಎತ್ತಿಕೊಳ್ಳುವುದು ಒಳ್ಳೆಯದು. ನಮ್ಮ ವಿಮರ್ಶೆ ಕಥೆ, ಕಾದಂಬರಿ, ಆತ್ಮಕಥನ, ಹೋರಾಟದ ಹಾಡು ಇವುಗಳ ಸುತ್ತ ಬೆಳೆದು ಬಂದಿದೆ. ದೆವ್ವ, ಮಾಟ, ಬಾನಾಮತಿಗಳನ್ನು ವಿಚಾರವಾದಿಗಳಿಗೆ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ. ದೆವ್ವ ಇಲ್ಲ ಎಂದು ಅವರು ಹೇಳಿದರು, ಸರಿಯಾಗಿಯೇ ಹೇಳಿದರು. ಆದರೆ ಇಲ್ಲದ ದೆವ್ವಕ್ಕೆ ಹೆದರಿದ ಊರು ಇರುವ ಮನುಷ್ಯನನ್ನು ಹುಡುಕಿಕೊಂಡು ಹೋಗಿ ಯಾಕೆ ಹೊಡೆಯುತ್ತದೆ? ಹೊಡೆಸಿಕೊಂಡವನು ಹೆಚ್ಚಾಗಿ ಅಗಸಿಯಾಚೆಯವನೇ ಯಾಕಾಗಿರುತ್ತಾನೆ? ಈ ಪ್ರಶ್ನೆ ವಿಚಾರವಾದದ ಕೈಗೆ ಪೂರ್ತಿ ಸಿಗುವಂಥದ್ದಲ್ಲ. ಇದು ಜಾತಿಯ ಚರಿತ್ರೆಗೆ ಸೇರಿದ ಪ್ರಶ್ನೆ.

1

ಯಂತ್ರದ ಮೂಲಕ ದೆವ್ವ ನುಗ್ಗುವ ಕಥೆಯನ್ನು ಗಂಭೀರವಾಗಿ ಹೇಳಿದವರು ಜಪಾನಿನವರು. 1998ರಲ್ಲಿ ಹಿಡಿಯೊ ನಕಾತ 'ರಿಂಗು' ಎಂಬ ಚಿತ್ರ ಮಾಡಿದ. ಅದರಲ್ಲಿ ಒಂದು ವಿಡಿಯೊ ಕ್ಯಾಸೆಟ್ ಇದೆ. ಅದನ್ನು ನೋಡಿದವರು ಏಳು ದಿನದಲ್ಲಿ ಸಾಯುತ್ತಾರೆ. ಬದುಕಬೇಕೆಂದರೆ ಇರುವುದು ಒಂದೇ ದಾರಿ: ಕ್ಯಾಸೆಟ್ಟಿನ ಪ್ರತಿ ತೆಗೆದು ಇನ್ನೊಬ್ಬರಿಗೆ ತೋರಿಸುವುದು. ಅಂದರೆ ನನ್ನ ಸಾವನ್ನು ನಿನಗೆ ದಾಟಿಸಿ ನಾನು ಉಳಿಯುವುದು. 2001ರಲ್ಲಿ ಕಿಯೊಶಿ ಕುರೊಸಾವ 'ಕೈರೊ' ಮಾಡಿದ. ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಮರ್ಶಕರ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದವರು ಅದನ್ನೇ 'ಪಲ್ಸ್' ಎಂಬ ಹೆಸರಲ್ಲಿ ತಿರುಗಿ ತೆಗೆದರು.

'ಕೈರೊ'ದಲ್ಲಿ ದೆವ್ವಗಳು ಇಂಟರ್‌ನೆಟ್ಟಿನಿಂದ ಬರುತ್ತವೆ. ಟೋಕಿಯೊದ ಹುಡುಗ ಹುಡುಗಿಯರು ತಮ್ಮ ಕಂಪ್ಯೂಟರಿನಲ್ಲಿ ಯಾರದೋ ಕತ್ತಲೆ ಕೋಣೆ ನೋಡುತ್ತಾರೆ. ನೋಡಿದವರು ಮಂಕಾಗುತ್ತಾರೆ, ಮಾತು ಬಿಡುತ್ತಾರೆ, ಕಡೆಗೆ ಗೋಡೆಯ ಮೇಲೊಂದು ಕಪ್ಪು ಕಲೆಯಾಗಿ ಉಳಿಯುತ್ತಾರೆ. ಯಾಕೆ ಹೀಗಾಯಿತು ಎಂಬುದಕ್ಕೆ ಚಿತ್ರದೊಳಗಿನ ಒಬ್ಬ ವಿದ್ಯಾರ್ಥಿ ಒಂದು ಕಾರಣ ಊಹಿಸುತ್ತಾನೆ: ಸತ್ತವರ ಲೋಕದಲ್ಲಿ ಜಾಗ ತುಂಬಿಹೋಗಿದೆ, ಅವರು ಹೊರಚೆಲ್ಲುತ್ತಿದ್ದಾರೆ. ಆ ಚಿತ್ರದ ತುಂಬ ಕೆಂಪು ಪಟ್ಟಿ ಅಂಟಿಸಿ ಮುಚ್ಚಿದ ಬಾಗಿಲುಗಳಿವೆ.

ವಿಮರ್ಶಕರು ಈ ಚಿತ್ರವನ್ನು ಮಹಾನಗರದ ಒಂಟಿತನದ ಕಥೆಯೆಂದು ಓದಿದ್ದಾರೆ. ಆ ಓದು ತಪ್ಪೇನಲ್ಲ. ಆದರೆ ಬೀದರಿನ ಚಿದ್ರಿಯಲ್ಲಿ ಕೂತು ನೋಡುವವನಿಗೆ ಆ ಕೆಂಪು ಪಟ್ಟಿಯ ಬಾಗಿಲು ಬೇರೆ ಏನನ್ನೋ ಹೇಳುತ್ತದೆ. ಪಟ್ಟಿ ಅಂಟಿಸಿದವರು ಯಾರು? ಒಳಗಿರುವವರನ್ನು ಅಲ್ಲಿಟ್ಟವರು ಯಾರು? ಜಾಗ ಸಾಲದೆ ಹೊರಗೆ ಬಂದವರನ್ನು ನಾವು ದೆವ್ವ ಎಂದು ಕರೆಯುತ್ತಿದ್ದೇವಲ್ಲ, ಆ ಹೆಸರನ್ನು ಇಟ್ಟವರು ಬಾಗಿಲಿನ ಯಾವ ಕಡೆಯವರು?

2

ನಮ್ಮ ಮಂದಿಯ ನಂಬಿಕೆಯಲ್ಲಿ ದೆವ್ವಕ್ಕೆ ಕೆಲವು ಗುರುತುಗಳಿವೆ. ಅದಕ್ಕೆ ನೆರಳಿಲ್ಲ. ಅದರ ಪಾದ ಹಿಂದುಮುಂದು, ಹೀಗಾಗಿ ಹೆಜ್ಜೆಯ ಗುರುತು ನಂಬುವ ಹಾಗಿಲ್ಲ. ಅದು ಊರ ಹೊರಗೆ ಇರುತ್ತದೆ. ಹುಣಸೆಮರ, ಹಾಳುಬಾವಿ, ಸುಡುಗಾಡು ಅದರ ಜಾಗ. ಹೊತ್ತು ಮುಳುಗಿದ ಮೇಲೆ ಓಡಾಡುತ್ತದೆ.

ಈಗ 1936ರಲ್ಲಿ ಬಾಬಾಸಾಹೇಬ ಅಂಬೇಡ್ಕರರು 'ಜಾತಿ ವಿನಾಶ' ಭಾಷಣದಲ್ಲಿ ಕೊಟ್ಟ ಚಿತ್ರವನ್ನು ಇದರ ಪಕ್ಕದಲ್ಲಿಡಬೇಕು. ಪೇಶ್ವೆಗಳ ಆಳಿಕೆಯಲ್ಲಿ ಸವರ್ಣೀಯನೊಬ್ಬ ಎದುರು ಬರುತ್ತಿದ್ದರೆ ಅಸ್ಪೃಶ್ಯ ಆ ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ. ಅವನ ನೆರಳು ಬಿದ್ದರೆ ಮೈಲಿಗೆ. ಪುಣೆಯಲ್ಲಿ ಅವನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತನ್ನ ಹೆಜ್ಜೆಯ ಗುರುತನ್ನು ತಾನೇ ಗುಡಿಸುತ್ತ ಹೋಗಬೇಕಿತ್ತು. ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಗಡಿಗೆ ಕಟ್ಟಿಕೊಳ್ಳಬೇಕಿತ್ತು.

ನೆರಳು ಬೀಳಿಸಬಾರದು, ಹೆಜ್ಜೆ ಉಳಿಸಬಾರದು, ಊರ ಹೊರಗಿರಬೇಕು. ದೆವ್ವದ ಲಕ್ಷಣಗಳೆಂದು ಊರು ಕಥೆ ಕಟ್ಟಿಕೊಂಡದ್ದನ್ನೇ ಒಬ್ಬ ಜೀವಂತ ಮನುಷ್ಯನಿಗೆ ಕಾನೂನು ಮಾಡಿ ಹೇರಲಾಗಿತ್ತು. ಯಾವುದು ಮೊದಲು ಹುಟ್ಟಿತು, ದೆವ್ವದ ಕಥೆಯೋ ಅಸ್ಪೃಶ್ಯನ ಕಟ್ಟಳೆಯೋ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಎರಡಕ್ಕೂ ಒಂದೇ ಅಚ್ಚು ಇದೆ ಎಂಬುದಷ್ಟೇ ನನ್ನ ಮಾತು. ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ. 'ಸೋಂಕು' ಎಂಬ ಮಾತನ್ನು ನೋಡಿ. ಮುಟ್ಟುವುದು ಸೋಂಕು. ರೋಗ ಹತ್ತುವುದು ಸೋಂಕು. ಗಾಳಿ, ದೆವ್ವ ಬಡಿಯುವುದೂ ಸೋಂಕು. ಮುಟ್ಟಿಸಿಕೊಳ್ಳಬಾರದ ಮನುಷ್ಯ, ಅಂಟುರೋಗ, ಪಿಶಾಚಿ ಈ ಮೂರನ್ನೂ ಒಂದೇ ಶಬ್ದದಲ್ಲಿ ಕಟ್ಟಿಟ್ಟ ಸಮಾಜ ನಮ್ಮದು. ಇವತ್ತು ಮೊಬೈಲಿನಲ್ಲಿ ಒಂದು ಸುದ್ದಿ ಹಬ್ಬಿದರೆ ಅದಕ್ಕೆ 'ವೈರಲ್' ಎನ್ನುತ್ತೇವೆ. ಅದೂ ಸೋಂಕಿನ ಮನೆಯ ಮಾತೇ.

3

ಬೀದರ ಎಂದಕೂಡಲೆ ದಕ್ಷಿಣದ ಓದುಗರಿಗೆ ನೆನಪಾಗುವುದರಲ್ಲಿ ಬಾನಾಮತಿಯೂ ಒಂದು. ಬೀದರ, ಕಲಬುರಗಿ, ಪಕ್ಕದ ತೆಲಂಗಾಣದ ಜಿಲ್ಲೆಗಳಲ್ಲಿ ಇದರ ಹೆದರಿಕೆ ಬಹಳ ಕಾಲದಿಂದ ಇದೆ. ಮನೆಯ ಮೇಲೆ ಕಲ್ಲು ಬೀಳುತ್ತವೆ, ಸೀರೆಗೆ ತಾನಾಗಿ ಬೆಂಕಿ ಹತ್ತುತ್ತದೆ, ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ನಾಯಿಯಂತೆ ಬೊಗಳುತ್ತಾರೆ ಎಂಬ ಮಾತುಗಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದಾಗ ನಾಡಿನಲ್ಲಿ ಪ್ರಶ್ನೆ ಕೇಳುವ ಒಂದು ವಾತಾವರಣ ಹುಟ್ಟಿತು. ನಿಮ್ಹಾನ್ಸ್‌ನ ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅವರಂಥವರು ಮೈಮೇಲೆ ಬರುವುದನ್ನು ಮನಸ್ಸಿನ ಬೇನೆಯಾಗಿ ನೋಡಲು ಕನ್ನಡಿಗರಿಗೆ ಕಲಿಸಿದರು. ಈ ಋಣ ದೊಡ್ಡದು.

ಆದರೆ ಬಾನಾಮತಿಯಲ್ಲಿ ಇಬ್ಬರಿದ್ದಾರೆ. ಬೊಗಳುವವಳು ಒಬ್ಬಳು. 'ಮಾಡಿಸಿದವನು' ಎಂದು ಬೆರಳು ತೋರಿಸಿಕೊಂಡವನು ಇನ್ನೊಬ್ಬ. ವೈದ್ಯಶಾಸ್ತ್ರ ಮೊದಲನೆಯವಳನ್ನು ನೋಡಿತು. ಎರಡನೆಯವನನ್ನು ಯಾರು ನೋಡಬೇಕು? ಆ ಬೆರಳು ಗೌಡರ ವಾಡೆಯ ಕಡೆಗೆ ತಿರುಗುವುದು ಅಪರೂಪ. ಅದು ಕೇರಿಯ ಮುದುಕನ ಕಡೆ, ಒಂಟಿ ವಿಧವೆಯ ಕಡೆ, ಬೇರು ನಾರು ಗೊತ್ತಿದ್ದವನ ಕಡೆ ತಿರುಗುತ್ತದೆ. ತೆಲಂಗಾಣದಲ್ಲಿ ಮಂತ್ರ ಹೇಳಲು ಬಾರದಂತೆ ಮಾಡಬೇಕೆಂದು ಹೀಗೆ ಆರೋಪಿಸಿದವರ ಹಲ್ಲು ಕಿತ್ತ ಘಟನೆಗಳಿವೆ. ಹೊಲ, ನೀರು, ಹಳೆಯ ಸಾಲ, ಹೊಸದಾಗಿ ತಲೆ ಎತ್ತಿ ನಡೆದ ಹುಡುಗ — ಇಂಥ ಜಗಳಗಳೆಲ್ಲ ಬಾನಾಮತಿಯ ವೇಷದಲ್ಲಿ ಬರಬಲ್ಲವು. ನಮ್ಮ ಕೇರಿಗಳಲ್ಲಿಯೂ ಈ ನಂಬಿಕೆ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನಂಬಿಕೆ ಎರಡೂ ಕಡೆ ಇದ್ದರೂ ಪೆಟ್ಟು ತಿನ್ನುವ ಮೈ ಮಾತ್ರ ಒಂದೇ ಕಡೆ ಹೆಚ್ಚು ಸಿಗುತ್ತದೆ. ಕರ್ನಾಟಕದ ವಿಧಾನಮಂಡಲ 2017ರಲ್ಲಿ ಒಪ್ಪಿದ ಅಮಾನುಷ ದುಷ್ಟ ಪದ್ಧತಿ ಹಾಗೂ ವಾಮಾಚಾರ ತಡೆಯ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯ್ದೆ ಕೃತ್ಯವನ್ನು ಹಿಡಿಯಬಲ್ಲದು. ಬೆರಳಿನ ದಿಕ್ಕನ್ನು ಹಿಡಿಯಲಾರದು.

4

ದೆವ್ವ ಯಂತ್ರ ಹತ್ತಿದ್ದು ಮೊಬೈಲಿನಿಂದ ಅಲ್ಲ. ಅದಕ್ಕೆ ಮೊದಲು ಅಂಚೆ ಕಾರ್ಡು ಇತ್ತು. ಈ ಕಾರ್ಡು ಓದಿದವರು ಇಷ್ಟು ಮಂದಿಗೆ ಬರೆದು ಹಾಕಬೇಕು, ಹಾಕದಿದ್ದರೆ ಮನೆಗೆ ಕೇಡು ಎಂದು ದೇವರ ಹೆಸರಲ್ಲಿ ಬರುತ್ತಿದ್ದ ಕಾರ್ಡುಗಳನ್ನು ಹಿರಿಯರು ಬಲ್ಲರು. 'ರಿಂಗು' ಚಿತ್ರದ ಕ್ಯಾಸೆಟ್ಟಿಗೂ ಈ ಕಾರ್ಡಿಗೂ ಇರುವುದು ಒಂದೇ ನಿಯಮ: ದಾಟಿಸು, ಇಲ್ಲವೇ ಸಾಯಿ.

1995ರ ಸಪ್ಟೆಂಬರ್ 21ರಂದು ಗಣೇಶನ ಮೂರ್ತಿ ಹಾಲು ಕುಡಿಯುತ್ತದೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶ ದಾಟಿ ಪರದೇಶಕ್ಕೂ ಹೋಯಿತು. ಕಾಲ್ನಡಿಗೆಯಲ್ಲಿ ಹೋಗಿದ್ದರೆ ಅದು ತಾಲ್ಲೂಕು ದಾಟುವಷ್ಟರಲ್ಲಿ ಹಾಲು ಒಡೆದಿರುತ್ತಿತ್ತು. ಹೊತ್ತು ಒಯ್ದದ್ದು ಟೆಲಿಫೋನು. ಅದೇ ತೊಂಬತ್ತರ ದಶಕದಲ್ಲಿ ಬೆಂಗಳೂರು ಮೊದಲಾದ ಕಡೆ ರಾತ್ರಿ ಒಬ್ಬಳು ಬಂದು ಮನೆಯವರ ದನಿಯಲ್ಲೇ ಬಾಗಿಲು ಬಡಿಯುತ್ತಾಳೆ, ತೆಗೆದವರು ಸಾಯುತ್ತಾರೆ ಎಂಬ ಹೆದರಿಕೆ ಹಬ್ಬಿ, ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ಓದಲು ಬಲ್ಲ ದೆವ್ವ ಅದು. ದಿನಾ ಓದಿ ದಿನಾ ಹಿಂದಿರುಗುತ್ತಿತ್ತು.

ಈ ಮಾತನ್ನು ಕೇರಿಯಿಂದ ಕೇಳಿ ನೋಡಿ. ಬಾಗಿಲಿಗೆ ಬಂದವರಿಗೆ 'ನಾಳೆ ಬಾ' ಎನ್ನುವುದು ನಮಗೆ ಹೊಸದಲ್ಲ. ಕೂಲಿ ಕೇಳಲು ಹೋದವನಿಗೆ ನಾಳೆ ಬಾ. ಭೂಮಿಯ ಅರ್ಜಿ ಹಿಡಿದು ಹೋದವನಿಗೆ ನಾಳೆ ಬಾ. ಮೀಸಲಾತಿಯ ಖಾಲಿ ಹುದ್ದೆ ಕೇಳಿದವನಿಗೂ ನಾಳೆ ಬಾ.

5

ಹೀಗೆ ಬಂದ ಹೆದರಿಕೆ 2018ರಲ್ಲಿ ವಾಟ್ಸಾಪು ಹತ್ತಿತು. ಈ ಸಲ ದೆವ್ವದ ಹೆಸರು ಮಕ್ಕಳ ಕಳ್ಳ. ಬೈಕಿನ ಮೇಲೆ ಬಂದವರು ಮಗುವನ್ನು ಎತ್ತಿಕೊಂಡು ಓಡುವ ಒಂದು ವಿಡಿಯೊ ಊರೂರು ತಿರುಗಿತು. ಅದು ಅಸಲಿಗೆ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ತೆಗೆದ ಜಾಗೃತಿಯ ಚಿತ್ರ. ಕಡೆಯಲ್ಲಿ ಮಗುವನ್ನು ತಿರುಗಿ ಕೊಟ್ಟು, ಎಚ್ಚರವಿರಲಿ ಎಂಬ ಬರಹ ತೋರಿಸುವ ಭಾಗ ಅದರಲ್ಲಿತ್ತು. ಆ ಕಡೆಯ ಭಾಗವನ್ನು ಕತ್ತರಿಸಿ ಹಾಕಿದರು. ಮುಕ್ತಾಯ ಕತ್ತರಿಸಿದರೆ ಜಾಗೃತಿಯ ಚಿತ್ರ ದೆವ್ವದ ಚಿತ್ರವಾಗುತ್ತದೆ.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐದು ಮಂದಿ ಸತ್ತರು. ಅವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಸೊಲ್ಲಾಪುರ ಜಿಲ್ಲೆಯ ಕಡೆಯಿಂದ ಭಿಕ್ಷೆಗೆ ಹೊರಟವರು. ಅವರನ್ನು ಗ್ರಾಮ ಪಂಚಾಯಿತಿಯ ಕಚೇರಿಯ ಕೋಣೆಯಲ್ಲಿ ಕೂಡಿಹಾಕಿ ಹೊಡೆದರು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ತಿರುಗಾಡುವವನು ಕಳ್ಳ ಎಂಬ ಅದರ ಅರ್ಥ ಕಾಗದದಿಂದ ಕಳಚಿ ಗಾಳಿಯಲ್ಲಿ ಉಳಿದಿತ್ತು. ಗಾಳಿಯಿಂದ ಅದು ಫೋನಿಗೆ ಬಂತು.

ಜುಲೈ 13, ಶುಕ್ರವಾರ. ಜಾಗ ನಮ್ಮದೇ, ಬೀದರ ಜಿಲ್ಲೆಯ ಔರಾದ ಭಾಗದ ಮುರ್ಕಿ. ಹೈದರಾಬಾದಿನಿಂದ ಗೆಳೆಯರ ಜೊತೆ ಕಾರಿನಲ್ಲಿ ಬಂದಿದ್ದ ಮುಸ್ಲಿಂ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಕೊಂದರು. ವರದಿಗಳ ಪ್ರಕಾರ ಅವರು ಹಂದಿಕೇರಾದ ಹತ್ತಿರ ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಮಂದಿ ಕೂಡಿದರು, ಮಾತಿಗೆ ಮಾತು ಬೆಳೆಯಿತು, ಇವರು ಕಾರು ಹತ್ತಿ ಹೊರಟರು. ಆದರೆ ಅವರ ವಿಡಿಯೊ ಅವರಿಗಿಂತ ಮುಂದೆ ಹೋಯಿತು. ಮುರ್ಕಿಯ ವಾಟ್ಸಾಪು ಗುಂಪಿನಲ್ಲಿ ಅದನ್ನು ನೋಡಿದವರು ದಾರಿಗೆ ಅಡ್ಡ ಹಾಕಿ ಕಾದರು. ಕಾರು ಉರುಳಿತು. ಒಬ್ಬ ಸತ್ತ, ಮೂವರು ಪೆಟ್ಟು ತಿಂದು ಉಳಿದರು. ತಡೆಯಹೋದ ಪೊಲೀಸರಿಗೂ ಗಾಯವಾಯಿತು. ಗುಂಪಿನ ಅಡ್ಮಿನ್ ಸೇರಿ ಸುಮಾರು 30 ಮಂದಿಯನ್ನು ಬಂಧಿಸಿದರು.

ಆಗ ಪೇಟೆಯ ಪತ್ರಿಕೆಗಳು ಹಿಂದುಳಿದ ಜಿಲ್ಲೆಯ ಅಜ್ಞಾನದ ಬಗ್ಗೆ ಬರೆದವು. ಬಾನಾಮತಿಯ ನಾಡು ಎಂದರೆ ಕೆಲಸ ಮುಗಿಯಿತಲ್ಲ! ಚಾಮರಾಜಪೇಟೆ ಯಾವ ಹಿಂದುಳಿದ ಜಿಲ್ಲೆಯಲ್ಲಿದೆ? ಸತ್ತವರ ಪಟ್ಟಿ ನೋಡಿ: ವಲಸೆ ಕೂಲಿಕಾರ, ಅಲೆಮಾರಿಗಳು, ಪರಊರಿನ ಮುಸ್ಲಿಂ. ಇವರು ಒಂದೇ ಜಾತಿಯವರಲ್ಲ, ಒಂದೇ ಧರ್ಮದವರಲ್ಲ. ಆದರೆ ಅಗಸಿಯ ದೃಷ್ಟಿಯಲ್ಲಿ ಇವರೆಲ್ಲ ಒಂದೇ ಕಡೆ ನಿಂತಿದ್ದಾರೆ, ನಾವು ತಲೆತಲಾಂತರದಿಂದ ನಿಂತ ಕಡೆ. ಮುರ್ಕಿಯ ಸಾವು ನಮ್ಮ ಚರಿತ್ರೆಗೆ ಸೇರುವುದು ಈ ಕಾರಣಕ್ಕೆ.

ಜುಲೈ 17ರಂದು ಸುಪ್ರೀಂ ಕೋರ್ಟು ಗುಂಪು ಹತ್ಯೆಯ ವಿರುದ್ಧ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿತು. ಅದೇ ತಿಂಗಳು ವಾಟ್ಸಾಪು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹಾಕಿತು. ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಿದಂತಾಯಿತು. ಒಳಗಿನ ಸೋಂಕು ಹಾಗೇ ಉಳಿಯಿತು.

6

ಮುರ್ಕಿಯ ಘಟನೆಯ ಮರುತಿಂಗಳು, 2018ರ ಆಗಸ್ಟ್ 31ರಂದು, ಹಿಂದಿಯ 'ಸ್ತ್ರೀ' ಚಿತ್ರ ಬಂತು. ನಮ್ಮ 'ನಾಳೆ ಬಾ' ಕಥೆಯನ್ನೇ ಎತ್ತಿಕೊಂಡು ನಗೆಯ ದೆವ್ವದ ಚಿತ್ರ ಮಾಡಿದ್ದರು. ದೇಶ ನಕ್ಕು ದುಡ್ಡು ಸುರಿಯಿತು. ಕನ್ನಡದ 'ಆಪ್ತಮಿತ್ರ' 2004ರಲ್ಲಿ ಇದಕ್ಕಿಂತ ಗಂಭೀರವಾಗಿತ್ತು. ಅಲ್ಲಿ ದೊಡ್ಡ ಬಂಗಲೆ ಇದೆ, ಅರಸನಿಂದ ಸತ್ತ ನರ್ತಕಿ ನಾಗವಲ್ಲಿ ಇದ್ದಾಳೆ, ಅವಳ ಬಾಗಿಲು ಮುಚ್ಚಿದ ಕೋಣೆ ಇದೆ. ಮನೋವೈದ್ಯನೂ ಆಚಾರ್ಯರೂ ಕೂಡಿ ಅವಳನ್ನು ಹೊರಗಟ್ಟುತ್ತಾರೆ. ವಿಜ್ಞಾನ ಮತ್ತು ಪೌರೋಹಿತ್ಯ ಕೈಜೋಡಿಸುವುದು ಬಂಗಲೆಯ ನೆಮ್ಮದಿಗಾಗಿ. ಅನ್ಯಾಯವಾದದ್ದು ನರ್ತಕಿಗೆ, ಆದರೆ ಕರುಣೆಯೆಲ್ಲ ಬಂಗಲೆಯವರಿಗೆ. ನಾಗವಲ್ಲಿಯ ಕಡೆಯಿಂದ ಆ ಚಿತ್ರವನ್ನು ನೋಡಿದ ವಿಮರ್ಶೆ ನಮಗೆ ಇನ್ನೂ ಬೇಕಾಗಿದೆ.

ಯಂತ್ರ ಕೆಟ್ಟದ್ದು, ಫೋನು ಬಿಸಾಕಿ ಎಂದು ಹೇಳಲು ನಾನು ಇಷ್ಟೆಲ್ಲ ಬರೆಯಲಿಲ್ಲ. ಅದೇ ಫೋನಿನ ಇನ್ನೊಂದು ಕಥೆಯೂ ಇದೆ. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ವಾಹನಕ್ಕೆ ಕಟ್ಟಿ ಹೊಡೆದರು. ಹೊಡೆದವರೇ ಅದರ ವಿಡಿಯೊ ತೆಗೆದು ಹಬ್ಬಿಸಿದರು. ನೋಡಿದವರು ಹೆದರಲಿ ಎಂಬುದು ಅವರ ಲೆಕ್ಕ. ಆದರೆ ನೋಡಿದ ನಮ್ಮವರು ಗೋಡೆಯ ಕಲೆಯಾಗಲಿಲ್ಲ. ಸತ್ತ ದನಗಳನ್ನು ಕಚೇರಿಗಳ ಮುಂದೆ ತಂದು ಹಾಕಿ, ನಿಮ್ಮ ತಾಯಿಯನ್ನು ನೀವೇ ಹೊರಿ ಎಂಬರ್ಥದಲ್ಲಿ ಕೈ ಕೊಡವಿದರು. ಆಗಸ್ಟಿನಲ್ಲಿ ಅಹಮದಾಬಾದಿನಿಂದ ಊನಾದವರೆಗೆ ನಡೆದುಹೋದರು. ಯಂತ್ರದಿಂದ ಹೊರಗೆ ಬಂದದ್ದು ಆ ಸಲ ದೆವ್ವವಲ್ಲ, ಮನುಷ್ಯ. ಪೊರಕೆ ಬಿಚ್ಚಿಟ್ಟು, ಹೆಜ್ಜೆಯ ಗುರುತು ಬಿಟ್ಟು ನಡೆದ ಮನುಷ್ಯ.

'ಕೈರೊ'ದ ಆ ವಿದ್ಯಾರ್ಥಿಯ ಮಾತನ್ನು ನಾವು ಬೇರೆ ರೀತಿಯಲ್ಲಿ ಒಪ್ಪಬಹುದು. ಊರ ಹೊರಗಿನ ಜಾಗ ತುಂಬಿದೆ. ಅಲ್ಲಿದ್ದವರು ಶಾಲೆಗೆ, ಕಚೇರಿಗೆ, ಬೀದಿಗೆ, ತೆರೆಯ ಮೇಲಕ್ಕೆ ಬರುತ್ತಿದ್ದಾರೆ. ಬಾಗಿಲಾಚೆ ಹೆದರಿ ಕೂತವರಿಗೆ ಅವರು ದೆವ್ವವಾಗಿ ಕಾಣುತ್ತಾರೆ. ಹೀಗಾಗಿ ದೆವ್ವದ ಸಿನಿಮಾ ನೋಡುವಾಗ, ಫೋನಿಗೆ ಬಂದ ಹೆದರಿಕೆಯ ಸುದ್ದಿ ಓದುವಾಗ ದಲಿತ ವಿಮರ್ಶೆ ಕೇಳಬೇಕಾದದ್ದು ದೆವ್ವ ಇದೆಯೋ ಇಲ್ಲವೋ ಎಂಬುದನ್ನಲ್ಲ. ಇಲ್ಲಿ ಯಾರನ್ನು ದೆವ್ವ ಮಾಡಲಾಗಿದೆ ಎಂಬುದನ್ನು. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಸುದ್ದಿಯನ್ನೂ ಮುಂದಕ್ಕೆ ದಾಟಿಸಬಾರದು.