ಹಿತ್ತಲ ಶೆಡ್‌ಗೆ ಕರೆಂಟ್: ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಮನೆಯ ಹಿಂದೆ ತಗಡಿನ ಶೀಟ್ ಹೊದಿಸಿದ ಚಿಕ್ಕ ಶೆಡ್. ಒಳಗೆ ಡ್ರಿಲ್, ಗ್ರೈಂಡರ್, ಮರಗೆಲಸದ ಸಾಮಾನು. ರಜೆಯಲ್ಲಿ ಅಲ್ಲಿ ಕುಳಿತು ಏನಾದರೂ ತಯಾರಿಸುವ ಹವ್ಯಾಸ ಹಲವರಿಗಿದೆ. ಕರೆಂಟ್ ಬೇಕೆಂದರೆ ಅಡುಗೆಮನೆಯ ಪ್ಲಗ್‌ನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದರಾಯಿತು. ‘ಮನೆಯಲ್ಲಿ ಎಂಸಿಬಿ ಇದೆಯಲ್ಲ, ಏನಾದರೂ ಆದರೆ ತಾನೇ ಟ್ರಿಪ್ ಆಗುತ್ತದೆ’ ಎಂಬ ಧೈರ್ಯ ಬೇರೆ. ಇದು ನಿಜವೇ?

ಅಲ್ಲ. ಎಂಸಿಬಿ ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ.

ಎಂಸಿಬಿ ಏಕೆ ಸಾಲದು?

ಮಿತಿಗಿಂತ ಹೆಚ್ಚು ಲೋಡ್ ಬಿದ್ದಾಗ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ಮಾತ್ರ ಎಂಸಿಬಿ ಟ್ರಿಪ್ ಆಗುತ್ತದೆ. 16 ಆ್ಯಂಪಿಯರ್ ಎಂಸಿಬಿ ಎಂದರೆ 16,000 ಮಿಲಿಆ್ಯಂಪಿಯರ್ ಹರಿದರೂ ಅದು ಸುಮ್ಮನಿರುತ್ತದೆ. ದೇಹದ ಲೆಕ್ಕ ಬೇರೆ. ಕೈ ಒದ್ದೆ, ನೆಲ ಒದ್ದೆ ಇದ್ದಾಗ ದೇಹದ ಪ್ರತಿರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ 230 ವೋಲ್ಟ್ ತಗುಲಿದರೆ ದೇಹದಲ್ಲಿ ಹರಿಯುವುದು 230 ಮಿಲಿಆ್ಯಂಪಿಯರ್. ಒಂದು ಮಾಮೂಲಿ ಸೀಲಿಂಗ್ ಫ್ಯಾನ್ ಕೂಡ ಇದಕ್ಕಿಂತ ಹೆಚ್ಚು ಎಳೆಯುತ್ತದೆ! ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ 30 ಮಿಲಿಆ್ಯಂಪಿಯರ್ ದಾಟಿ ಕೆಲವು ಕ್ಷಣ ಹರಿದರೂ ಹೃದಯದ ಲಯ ತಪ್ಪಿ ಜೀವ ಹೋಗಬಹುದು.

ಇಲ್ಲಿ ಬೇಕಿರುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ, ಬಹುಶಃ ಯಾರದೋ ದೇಹದ ಮೂಲಕ. ತಕ್ಷಣ ಟ್ರಿಪ್ ಆಗುತ್ತದೆ. ಕೊಳ್ಳುವಾಗ ಅದರ ಮೇಲೆ 30 ಮಿಲಿಆ್ಯಂಪಿಯರ್ ಎಂದಿದೆಯೇ ನೋಡಿ. 100, 300ರವು ಜೀವರಕ್ಷಣೆಗೆ ಅಲ್ಲ. ಇದಕ್ಕೂ ಮಿತಿಯಿದೆ. ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿ, ನೆಲಕ್ಕೆ ಏನೂ ಸೋರದಿದ್ದರೆ ಆರ್‌ಸಿಸಿಬಿಯೂ ಕಾಪಾಡದು. ಓವರ್‌ಲೋಡ್ ತಡೆಯುವುದೂ ಇದರ ಕೆಲಸವಲ್ಲ, ಹಾಗಾಗಿ ಎಂಸಿಬಿಯೂ ಇರಬೇಕು.

ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ತಪ್ಪೇನು?

ಅರ್ಧ ಗಂಟೆಯ ಸಣ್ಣ ಕೆಲಸಕ್ಕೆ ಸರಿ, ಶಾಶ್ವತ ವ್ಯವಸ್ಥೆಗೆ ಅಲ್ಲ. 0.75 ಚದರ ಮಿ.ಮೀ. ವೈರ್ 20 ಮೀಟರ್ ಎಳೆದರೆ ಹೋಗಿ ಬರುವ ದಾರಿಯ ಪ್ರತಿರೋಧ ಸುಮಾರು 1 ಓಮ್. ದೊಡ್ಡ ಕಟಿಂಗ್ ಮೆಷಿನ್ 10 ಆ್ಯಂಪಿಯರ್ ಎಳೆದರೆ ವೈರ್‌ನಲ್ಲೇ 100 ವ್ಯಾಟ್ ಶಾಖವಾಗುತ್ತದೆ. ವೈರನ್ನು ಸುರುಳಿ ಸುತ್ತಿಟ್ಟಿದ್ದರೆ ಆ ಶಾಖ ಹೊರಹೋಗದೆ ಇನ್ಸುಲೇಷನ್ ಕರಗಬಹುದು. ಇನ್ನು ಮಳೆಗಾಲದಲ್ಲಿ ಟೇಪ್ ಸುತ್ತಿದ ಜಾಯಿಂಟ್, ಶೀಟಿನ ಅಂಚಿಗೆ ಉಜ್ಜುವ ವೈರ್, ಬಟ್ಟೆ ಒಣಗಿಸುವ ತಂತಿಗೆ ಕಟ್ಟಿದ ವೈರ್... ಇವೆಲ್ಲ ಪರಿಚಿತ ದೃಶ್ಯಗಳೇ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಮನೆಯ ಡಿಬಿಯಿಂದ ಶೆಡ್‌ಗೆಂದೇ ಪ್ರತ್ಯೇಕ ಎಂಸಿಬಿ ಮತ್ತು ಆರ್‌ಸಿಸಿಬಿ. ಅಲ್ಲಿಂದ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಇರುವ ಆರ್ಮರ್ಡ್ ಕೇಬಲ್. ಅದನ್ನು ಸುಮಾರು ಎರಡೂವರೆ ಅಡಿ ಆಳದಲ್ಲಿ ಹೂತು, ಮೇಲೆ ಮರಳು, ಇಟ್ಟಿಗೆ ಹಾಸಬೇಕು. ಮುಂದೆ ಯಾರಾದರೂ ಗಿಡ ನೆಡಲು ಅಗೆದರೆ ಮೊದಲು ಇಟ್ಟಿಗೆ ಸಿಗಲಿ. ತಾಮ್ರದ 2.5 ಚದರ ಮಿ.ಮೀ. ಕೇಬಲ್ ಆದರೆ ಅದೇ 20 ಮೀಟರ್‌ಗೆ, ಅದೇ ಲೋಡ್‌ನಲ್ಲಿ ಶಾಖ 30 ವ್ಯಾಟ್ ಆಸುಪಾಸು. ಅದೂ ಇಡೀ ಉದ್ದಕ್ಕೆ ಹಂಚಿಹೋಗುತ್ತದೆ. ಶೆಡ್ ಒಳಗೆ ಚಿಕ್ಕ ಡಿಬಿ, ಮೇನ್ ಸ್ವಿಚ್, ಪಿವಿಸಿ ಪೈಪ್‌ನಲ್ಲಿ ವೈರಿಂಗ್. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುವ ನಾವು ಇದಕ್ಕೆ ಮಾತ್ರ ‘ಗೊತ್ತಿರುವ ಹುಡುಗ’ನನ್ನು ಕರೆಯುತ್ತೇವೆ. ದಯವಿಟ್ಟು ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಿ.

‘ಅರ್ತಿಂಗ್ ಇಲ್ಲದಿದ್ದರೆ ಸಾಕೆಟ್‌ನ ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿ’ ಎನ್ನುವ ಸಲಹೆ ನಿಮಗೆ ಬಂದಿದ್ದರೆ ಮುಂದೆ ಕಳಿಸಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ನಿಮ್ಮ ಮೆಷಿನ್ನಿನ ಲೋಹದ ಬಾಡಿಗೇ 230 ವೋಲ್ಟ್ ಬರುತ್ತದೆ.

ಎಲ್ಲ ಮುಗಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ, ತಿಂಗಳಿಗೊಮ್ಮೆ ಮತ್ತೆ ಒತ್ತಿ. ಟ್ರಿಪ್ ಆಗದಿದ್ದರೆ ಆ ಶೆಡ್‌ನ ಕರೆಂಟ್ ಬಳಸದೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಅರ್ತಿಂಗ್ ಸರಿಯಿದೆಯೇ ಎಂಬುದನ್ನು ಮಾತ್ರ ಈ ಬಟನ್ ಹೇಳುವುದಿಲ್ಲ. ಅದಕ್ಕೆ ಅವರು ಅರ್ತ್ ಟೆಸ್ಟರ್ ತಂದು ಅಳೆಯಬೇಕು.