ಫ್ಲೋರೋಸಿಸ್: ಶಾಲಾ ಮಕ್ಕಳ ಹಲ್ಲಿನ ಕಲೆ ಮತ್ತು ಕುಡಿಯುವ ನೀರು

ಪೀಠಿಕೆ

ಫ್ಲೋರೈಡ್ ಅಂಶವು ಮಿತಿಮೀರಿದ ನೀರನ್ನು ಹಲವು ವರ್ಷಗಳ ಕಾಲ ಸೇವಿಸುವುದರಿಂದ ಹಲ್ಲು ಮತ್ತು ಮೂಳೆಗಳಿಗೆ ಉಂಟಾಗುವ ರೋಗವೇ ಫ್ಲೋರೋಸಿಸ್. ಇದು ರೋಗಾಣುಗಳಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ವಂಶಪಾರಂಪರ್ಯವೂ ಅಲ್ಲ. ಒಂದೇ ಕೊಳವೆಬಾವಿಯ ನೀರನ್ನು ಕುಡಿಯುವ ಕಾರಣದಿಂದ ಒಂದೇ ಮನೆಯ ಹಲವರಲ್ಲಿ ಇದು ಕಂಡುಬರುತ್ತದೆ. ಒಮ್ಮೆ ಹಲ್ಲು ಮತ್ತು ಮೂಳೆಗಳಲ್ಲಿ ಆದ ಬದಲಾವಣೆಯನ್ನು ಪೂರ್ಣವಾಗಿ ಸರಿಪಡಿಸುವ ಔಷಧವಿಲ್ಲ. ಆದರೆ ಸಕಾಲದಲ್ಲಿ ನೀರಿನ ಮೂಲವನ್ನು ಬದಲಿಸಿದಲ್ಲಿ ರೋಗವನ್ನು ತಡೆಗಟ್ಟಬಹುದಾಗಿದೆ.

ಭಾರತದಲ್ಲಿ ಈ ರೋಗವು 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಮೊದಲ ಬಾರಿಗೆ ವರದಿಯಾಯಿತು. 2008-09ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಮತ್ತು ಗದಗ ಮೊದಲಾದ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ.

ಕಾರಣಗಳು

ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ನೀರು ಬಂಡೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತಾಗ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಕೆರೆ ಮತ್ತು ತೆರೆದ ಬಾವಿಗಳು ಬತ್ತಿ, ಜನರು ಆಳವಾದ ಕೊಳವೆಬಾವಿಗಳನ್ನೇ ಅವಲಂಬಿಸಿದ ನಂತರ ಈ ಸಮಸ್ಯೆ ಹೆಚ್ಚಾಗಿದೆ.

ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲವಾದ್ದರಿಂದ ತಿಳಿಯಾಗಿ, ಸಿಹಿಯಾಗಿ ಕಾಣುವ ನೀರಿನಲ್ಲಿಯೂ ಅದು ಇರಬಹುದು.

ವಿದ್ಯಾರ್ಥಿಗಳಲ್ಲಿ ಕಂಡುಬರುವ ಲಕ್ಷಣಗಳು

ಶಾಶ್ವತ ಹಲ್ಲುಗಳ ಹೊರಕವಚವು ಹುಟ್ಟಿನಿಂದ ಸುಮಾರು 8 ವರ್ಷದೊಳಗೆ ದವಡೆಯ ಒಳಗೆ ರೂಪುಗೊಳ್ಳುತ್ತದೆ. ಆ ಅವಧಿಯಲ್ಲಿ ಕುಡಿದ ನೀರಿನ ಪರಿಣಾಮವು ಹಲ್ಲು ಮೂಡಿದ ನಂತರ ಗೋಚರಿಸುತ್ತದೆ. ಆದ್ದರಿಂದಲೇ ಒಂದು ಗ್ರಾಮದಲ್ಲಿ ಫ್ಲೋರೋಸಿಸ್ ಇದೆಯೇ ಎಂಬುದನ್ನು ತಿಳಿಯಲು 6ರಿಂದ 11 ವರ್ಷದ ಶಾಲಾ ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಲಾಗುತ್ತದೆ.

1. ಆರಂಭದಲ್ಲಿ ಹಲ್ಲುಗಳು ಹೊಳಪು ಕಳೆದುಕೊಂಡು ಸುಣ್ಣದಂತಹ ಬಿಳಿ ಮಚ್ಚೆಗಳು ಕಾಣುತ್ತವೆ.
2. ನಂತರ ಹಳದಿ ಅಥವಾ ಕಂದು ಬಣ್ಣದ ಅಡ್ಡಗೆರೆಗಳು ಮೂಡುತ್ತವೆ.
3. ತೀವ್ರ ಹಂತದಲ್ಲಿ ಹಲ್ಲಿನ ಮೇಲೆ ಗುಳಿಗಳು ಬಿದ್ದು ಅಂಚುಗಳು ಮುರಿಯುತ್ತವೆ.

ಈ ಗೆರೆಗಳು ಎಡ ಮತ್ತು ಬಲ ಭಾಗದ ಜೋಡಿ ಹಲ್ಲುಗಳಲ್ಲಿ ಸಾಮಾನ್ಯವಾಗಿ ಒಂದೇ ರೀತಿಯಲ್ಲಿರುತ್ತವೆ. ಕಲೆಯು ಹಲ್ಲಿನ ಕವಚದಲ್ಲಿಯೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇಂತಹ ಮಕ್ಕಳನ್ನು ಹಲ್ಲುಜ್ಜದವರೆಂದು ಗದರಿಸುವುದು ಅಥವಾ ಹಾಸ್ಯ ಮಾಡುವುದು ಸರಿಯಲ್ಲ. ನಗುವುದಕ್ಕೂ, ತರಗತಿಯಲ್ಲಿ ಎದ್ದು ಮಾತನಾಡುವುದಕ್ಕೂ ಹಿಂಜರಿಯುವ ಮಕ್ಕಳ ಬಗ್ಗೆ ಶಿಕ್ಷಕರು ವಿಶೇಷ ಗಮನ ಹರಿಸತಕ್ಕದ್ದು. ತರಗತಿಯ ಹಲವು ಮಕ್ಕಳಲ್ಲಿ ಇಂತಹ ಕಲೆ ಕಂಡುಬಂದಲ್ಲಿ ಅದನ್ನು ಊರಿನ ನೀರಿನ ಬಗೆಗಿನ ಎಚ್ಚರಿಕೆಯೆಂದೇ ಪರಿಗಣಿಸಬೇಕು. ಕಲೆಯಿರುವ ಮಗುವಿನ ಮೂಳೆಗಳನ್ನೂ, ಇನ್ನೂ ಹಲ್ಲು ಮೂಡಬೇಕಾದ ತಮ್ಮ ತಂಗಿಯರನ್ನೂ ರಕ್ಷಿಸಲು ಆಗ ಇನ್ನೂ ಕಾಲಾವಕಾಶವಿರುತ್ತದೆ.

ವಯಸ್ಕರಲ್ಲಿ ಕಂಡುಬರುವ ಲಕ್ಷಣಗಳು

ವರ್ಷಗಟ್ಟಲೆ ಸಂಗ್ರಹವಾಗುವ ಫ್ಲೋರೈಡಿನಿಂದ ಕುತ್ತಿಗೆ, ಬೆನ್ನು, ಸೊಂಟ ಮತ್ತು ಮಂಡಿಗಳಲ್ಲಿ ನೋವು ಹಾಗೂ ಬಿಗಿತ ಉಂಟಾಗುತ್ತದೆ. ಇದನ್ನು ವಾತ ಅಥವಾ ವಯೋಸಹಜ ನೋವೆಂದು ಭಾವಿಸಿ ನೋವಿನ ಮಾತ್ರೆಗಳಲ್ಲಿಯೇ ಕಾಲ ಕಳೆಯುವುದುಂಟು. ತೀವ್ರ ಹಂತದಲ್ಲಿ ಬೆನ್ನು ಬಾಗಿ ನಡೆಯುವುದೇ ಕಷ್ಟವಾಗಬಹುದು. ಮೂತ್ರಪಿಂಡದ ಕಾಯಿಲೆಯಿರುವವರಲ್ಲಿ ಅಪಾಯ ಹೆಚ್ಚು. ಕೆಳಗಿನ ಚಲನೆಗಳಲ್ಲಿ ಯಾವುದಾದರೂ ಸಾಧ್ಯವಾಗದಿದ್ದಲ್ಲಿ ವೈದ್ಯರನ್ನು ಕಾಣಬೇಕು.

1. ಮಂಡಿ ಮಡಿಸದೆ ಬಾಗಿ ಕಾಲ್ಬೆರಳುಗಳನ್ನು ಮುಟ್ಟುವುದು.
2. ಗಲ್ಲವನ್ನು ಎದೆಗೆ ತಾಗಿಸುವುದು.
3. ಕೈಗಳನ್ನು ಪಕ್ಕಕ್ಕೆ ಚಾಚಿ, ಮಡಿಸಿ, ತಲೆಯ ಹಿಂಭಾಗವನ್ನು ಮುಟ್ಟುವುದು.

ಮಾಡಬೇಕಾದುದು

1. ಕುಡಿಯಲು ಹಾಗೂ ಅಡುಗೆಗೆ ಫ್ಲೋರೈಡ್ ಮಿತಿಯೊಳಗಿರುವ ನೀರನ್ನೇ ಬಳಸಬೇಕು. ಸ್ನಾನ ಮತ್ತು ಬಟ್ಟೆ ಒಗೆಯಲು ಇತರ ನೀರನ್ನು ಬಳಸಬಹುದು.
2. ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಸ್ವಚ್ಛವಾಗಿ ಸಂಗ್ರಹಿಸಿ ಶುದ್ಧೀಕರಿಸಿದ ಮಳೆನೀರು ಉತ್ತಮ.
3. ಶಿಶುಗಳಿಗೆ ಎದೆಹಾಲು ನೀಡಬೇಕು. ತಾಯಿಯು ಫ್ಲೋರೈಡ್ ನೀರು ಕುಡಿದರೂ ಎದೆಹಾಲಿನಲ್ಲಿ ಅದರ ಪ್ರಮಾಣ ಅತ್ಯಲ್ಪ.
4. ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವವಿರುವ ಆಹಾರ ಸೇವಿಸಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಸೀಬೆ ಮತ್ತು ನಿಂಬೆ ಸಹ ಉಪಯುಕ್ತ. ಆದರೆ ಆಹಾರವು ಸುರಕ್ಷಿತ ನೀರಿಗೆ ಪರ್ಯಾಯವಲ್ಲ.

ಮಾಡಬಾರದುದು

1. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ಭಾವಿಸಬಾರದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಆದರೆ ನೀರು ಆವಿಯಾಗಿ ಉಳಿದ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಾಗಲಿ, ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಾಗಲಿ ಪ್ರಯೋಜನವಿಲ್ಲ.
2. ಶುದ್ಧೀಕರಣ ಘಟಕದಿಂದ ಹೊರಬರುವ ತ್ಯಾಜ್ಯ ನೀರನ್ನು ಕುಡಿಯಬಾರದು, ಜಾನುವಾರುಗಳಿಗೂ ಕುಡಿಸಬಾರದು.
3. ಕಪ್ಪು ಉಪ್ಪು ಮತ್ತು ಕಡು ಚಹಾವನ್ನು ಅತಿಯಾಗಿ ಬಳಸಬಾರದು. ಮಕ್ಕಳು ಟೂತ್‌ಪೇಸ್ಟ್ ನುಂಗದಂತೆ ನೋಡಿಕೊಳ್ಳಬೇಕು.

ಸೇವೆಗಳನ್ನು ಪಡೆಯುವ ಬಗೆ

ನೀರಿನ ಪರೀಕ್ಷೆ: ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸಬಹುದು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಅಡಿಯಲ್ಲಿ ನೀರಿನ ಪರೀಕ್ಷಾ ಪ್ರಯೋಗಾಲಯಗಳನ್ನು ನಾಮಮಾತ್ರ ಶುಲ್ಕದೊಂದಿಗೆ ಸಾರ್ವಜನಿಕರಿಗೂ ತೆರೆಯಲಾಗಿದೆ. ಮಾದರಿ ಸಂಗ್ರಹಿಸುವಾಗ ಪಂಪನ್ನು ಕೆಲವು ನಿಮಿಷ ಚಾಲನೆಯಲ್ಲಿಟ್ಟು, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಿಸಬೇಕು. ಕೊಳವೆಬಾವಿಯ ಸ್ಥಳ ಮತ್ತು ದಿನಾಂಕವನ್ನು ಬಾಟಲಿಯ ಮೇಲೆ ನಮೂದಿಸಬೇಕು. ಹೊಸ ಕೊಳವೆಬಾವಿ ಕೊರೆದಾಗ ಅಥವಾ ಹಳೆಯದನ್ನು ಆಳಗೊಳಿಸಿದಾಗ ಮತ್ತೆ ಪರೀಕ್ಷಿಸುವುದು ಅಗತ್ಯ.

ಮಕ್ಕಳ ತಪಾಸಣೆ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ಭೇಟಿ ನೀಡಿದಾಗ ಪೋಷಕರು ಮತ್ತು ಶಿಕ್ಷಕರು ಹಲ್ಲಿನ ಕಲೆಗಳನ್ನು ತಂಡದ ಗಮನಕ್ಕೆ ತರಬೇಕು.

ಚಿಕಿತ್ಸೆ: ಕೀಲುನೋವು ಮತ್ತು ಬಿಗಿತವಿರುವವರು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಿ, ತಾವು ಎಷ್ಟು ವರ್ಷಗಳಿಂದ ಯಾವ ನೀರನ್ನು ಕುಡಿಯುತ್ತಿರುವರೆಂಬುದನ್ನು ವೈದ್ಯರಿಗೆ ತಿಳಿಸಬೇಕು. ಆರಂಭದ ಹಂತದಲ್ಲಿ ನೀರನ್ನು ಬದಲಿಸಿದಲ್ಲಿ ನೋವು ಕಡಿಮೆಯಾಗುವ ಸಾಧ್ಯತೆಯಿದೆ.

ಅಂಗವೈಕಲ್ಯ ಪ್ರಮಾಣಪತ್ರ: ಚಲನಶಕ್ತಿಗೆ ತೀವ್ರ ತೊಂದರೆಯಾಗಿರುವವರು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ವೈದ್ಯಕೀಯ ತಪಾಸಣೆಗೆ ಒಳಪಟ್ಟು, ಅರ್ಹರಿದ್ದಲ್ಲಿ ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯಬಹುದು.

ಮಕ್ಕಳ ಹಲ್ಲಿನಲ್ಲಿ ಕಲೆ ಕಂಡೊಡನೆ ನೀರನ್ನು ಪರೀಕ್ಷೆಗೆ ಕಳುಹಿಸುವುದೇ ಫ್ಲೋರೋಸಿಸ್ ನಿಯಂತ್ರಣದ ಮೊದಲ ಹೆಜ್ಜೆ.